ಲೈನ್‌ಮನ್ ಹುಡುಗ ಯಾವಾಗ ಆಡ್ತಾನೆ? ಲೆಕ್ಕ ಹಾಕೋದು ಹೀಗೆ

ಆಗಸ್ಟ್ ಬಂದರೆ ಸಾಕು, ಇಲ್ಲಿನ ಕನ್ನಡದ ಗೆಳೆಯರಿಂದ ನನಗೆ ಒಂದೇ ಪ್ರಶ್ನೆ. "ಹೊಸದಾಗಿ ಬಂದಿರೋ ಆ ಟ್ಯಾಕಲ್ ಹುಡುಗ ಆರೂವರೆ ಅಡಿ ಇದ್ದಾನಂತೆ, ನಾಲ್ಕು ಸ್ಟಾರ್ ಅಂತೆ. ಈ ವರ್ಷವೇ ಆಡ್ತಾನಾ?" ಕೇಳುತ್ತಿರುವುದು ಅಮೆರಿಕನ್ ಫುಟ್‌ಬಾಲ್‌ನ ಲೈನ್‌ಮನ್ ಬಗ್ಗೆ; ಸ್ಟಾರ್ ಅಂದರೆ ಹೈಸ್ಕೂಲ್ ಆಟಗಾರರಿಗೆ ಐದರವರೆಗೆ ಕೊಡುವ ಅಂಕ. ನಾನಿರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ. ಕಾಲೇಜು ಫುಟ್‌ಬಾಲ್‌ನಲ್ಲಿ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನಷ್ಟೇ, ಅವನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಐವರ ಅಫೆನ್ಸಿವ್ ಲೈನ್ ಬಗ್ಗೆಯೂ ತಲೆ ಕೆಡಿಸಿಕೊಳ್ಳುವ ಊರುಗಳು ಇಲ್ಲಿ ಬೇಕಾದಷ್ಟಿವೆ. ಅಯೋವಾ ವಿಶ್ವವಿದ್ಯಾಲಯದ ತಂಡದ ಮುಖ್ಯ ಕೋಚ್ ಕರ್ಕ್ ಫೆರೆಂಟ್ಜ್ ಕೂಡ 1980ರ ದಶಕದಲ್ಲಿ ಇದೇ ತಂಡದ ಲೈನ್ ಕೋಚ್ ಆಗಿದ್ದವರು.

ನನ್ನ ಉತ್ತರ ಮುಕ್ಕಾಲು ಪಾಲು "ಇಲ್ಲ" ಅಂತಲೇ ಇರುತ್ತದೆ. ಹಾಗಂತ ಸುಮ್ನೆ ಹೇಳುವುದಿಲ್ಲ, ಲೆಕ್ಕ ಹಾಕಿಯೇ ಹೇಳುತ್ತೇನೆ.

ಮೊದಲು ಆ ಹುಡುಗನನ್ನು ಬಿಡಿ. ಅವನ ಮುಂದೆ ಯಾರಿದ್ದಾರೆ ನೋಡಿ. ಎಡ ಟ್ಯಾಕಲ್, ಎಡ ಗಾರ್ಡ್, ಸೆಂಟರ್, ಬಲ ಗಾರ್ಡ್, ಬಲ ಟ್ಯಾಕಲ್. ಈ ಐದು ಜಾಗ ಬರೆದು, ಪ್ರತಿಯೊಬ್ಬನಿಗೂ ಕಾಲೇಜಿನಲ್ಲಿ ಆಡಲು ಇನ್ನೆಷ್ಟು ವರ್ಷ ಬಾಕಿ ಇದೆ ಅಂತ ಪಕ್ಕದಲ್ಲಿ ಹಾಕಿ. ಎದುರು ನಿಂತು ನುಗ್ಗುವ ಡಿಫೆನ್ಸಿವ್ ಲೈನ್‌ನಲ್ಲಿ ಎಂಟು ಹತ್ತು ಜನ ಸರದಿಯಲ್ಲಿ ಬಂದು ಹೋಗುತ್ತಾರೆ. ಪಾಸ್ ಹಿಡಿಯುವ ರಿಸೀವರ್‌ಗಳೂ ಅಷ್ಟೇ. ಅಫೆನ್ಸಿವ್ ಲೈನ್‌ನಲ್ಲಿ ಹಾಗಲ್ಲ. ಅದೇ ಐದು ಜನ ಕೊನೇ ತನಕ ಆಡುತ್ತಾರೆ. ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಗೊತ್ತಿರಬೇಕು, ಅದಕ್ಕೇ ಕೋಚ್ ಸುಮ್ಮನೆ ಕೈ ಹಾಕುವುದಿಲ್ಲ. ಹಾಗಾಗಿ ತಂಡದ ಆರನೇ ಉತ್ತಮ ಲೈನ್‌ಮನ್‌ಗೆ ಬಿಗಿಯಾದ ಪಂದ್ಯದಲ್ಲಿ ಒಂದು ಸ್ನ್ಯಾಪ್ (ಒಂದು ಪ್ಲೇ ಆಡುವ ಅವಕಾಶ) ಕೂಡ ಸಿಗದೇ ಹೋಗಬಹುದು. ಅವನು ಕೆಟ್ಟ ಆಟಗಾರ ಅಂತಲ್ಲ, ಕುರ್ಚಿ ಖಾಲಿ ಇಲ್ಲ ಅಷ್ಟೇ.

ಆದರೆ ಆ ಆರನೆಯವನು ಯಾರು ಅನ್ನೋದೇ ನಿಮಗೆ ಬೇಕಾದ ವಿಷಯ. ಎಡ ಟ್ಯಾಕಲ್‌ಗೆ ಪೆಟ್ಟಾದರೆ, ಪಟ್ಟಿಯಲ್ಲಿ ಅವನ ಕೆಳಗೆ ಹೆಸರಿರುವವನೇ ಒಳಗೆ ಬರುತ್ತಾನೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಬಲ ಟ್ಯಾಕಲ್ ಎಡಕ್ಕೆ ಬರುತ್ತಾನೆ, ಗಾರ್ಡ್ ಬಲ ಟ್ಯಾಕಲ್ ಆಗುತ್ತಾನೆ, ಆ ಗಾರ್ಡ್ ಜಾಗಕ್ಕೆ ಆರನೆಯವನು ಇಳಿಯುತ್ತಾನೆ. ಅದಕ್ಕೆ ಎರಡು ಜಾಗ ಆಡಬಲ್ಲ ಹುಡುಗನಿಗೆ ಒಂದೇ ಜಾಗ ಚೆನ್ನಾಗಿ ಆಡುವವನಿಗಿಂತ ಬೇಗ ಕರೆ ಬರುತ್ತದೆ. ಗಾರ್ಡ್ ಆಗಿದ್ದು ಸೆಂಟರ್‌ನ ಹಾಗೆ ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರು ಮಾಡೋದನ್ನೂ ಕಲಿತವನಾದರೆ ಇನ್ನೂ ಒಳ್ಳೆಯದು. ಟ್ಯಾಕಲ್‌ನನ್ನು ಗಾರ್ಡ್ ಮಾಡಿದರು ಅಂತ ಬೇಸರ ಮಾಡಿಕೊಳ್ಳುವವರನ್ನು ಕಂಡರೆ ನನಗೆ ನಗು. ಅವನಿಗೆ ಬಾಗಿಲು ತೆರೆದ ಹಾಗೆ ಅದು.

ಇನ್ನು ಮೈ. ಹೈಸ್ಕೂಲಿನಿಂದ 265-270 ಪೌಂಡ್ ತೂಕದಲ್ಲಿ ಬಂದವನು 300 ದಾಟಬೇಕು, ದಾಟಿದ ಮೇಲೂ ಕಾಲು ಓಡಬೇಕು. ಇದಕ್ಕೆ ಎರಡು ವರ್ಷ ಹಿಡಿಯೋದು ಮಾಮೂಲು. ರೋಸ್ಟರ್‌ನಲ್ಲಿ ತೂಕ ಏರಿತು ಅಂತ ಕುಣಿಯಬೇಡಿ. ಎದುರಿನವನು ನೇರ ಎದೆಗೆ ನುಗ್ಗಿದಾಗ ಇವನು ಎಷ್ಟು ಹೆಜ್ಜೆ ಹಿಂದೆ ಹೋಗುತ್ತಾನೆ ಅನ್ನೋದನ್ನು ನೋಡಿ.

ನೋಡೋದು ಅಂದರೆ ಚೆಂಡನ್ನಲ್ಲ. ಮೂರು ಪ್ಲೇ ಚೆಂಡು ಮರೆತು ಒಬ್ಬನನ್ನೇ ನೋಡಿ. ಪಾಸ್ ಪ್ಲೇನಲ್ಲಿ ಟ್ಯಾಕಲ್‌ನ ಕಾಲು ನೋಡಬೇಕು. ಹೊರಗಿನ ಕಾಲು ಹಿಂದಕ್ಕೆ ಜಾರುತ್ತದೆ, ಒಳಗಿನ ಕಾಲು ಹಿಂಬಾಲಿಸುತ್ತದೆ. ಎರಡೂ ಕಾಲು ಒಂದಕ್ಕೊಂದು ತಾಗಿದವೋ, ಅವನ ಕಥೆ ಮುಗಿಯಿತು. ಆ ಹೊತ್ತಲ್ಲಿ ಹೊರತುದಿಯಿಂದ ನುಗ್ಗುವ ಡಿಫೆನ್ಸಿವ್ ಎಂಡ್ ಒಂದು ತಳ್ಳು ಕೊಟ್ಟರೆ ಬಿದ್ದೇ ಹೋಗುತ್ತಾನೆ. ಸೊಂಟ ಬೇಗ ಹೊರಕ್ಕೆ ತಿರುಗಿಸಿದರೆ ಒಳಗಿನ ದಾರಿ ಬಿಟ್ಟುಕೊಟ್ಟ ಹಾಗೆ. ಆಮೇಲೆ ಕೈ. ಎದುರಾಳಿಯ ಎದೆಗೆ, ಒಳಭಾಗಕ್ಕೆ ಬಿದ್ದರೆ ಸರಿ. ಭುಜದ ಹೊರಗೆ ಬಿದ್ದರೆ ಇವತ್ತಲ್ಲ ನಾಳೆ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದ ತಪ್ಪು), 10 ಯಾರ್ಡ್ ದಂಡ.

ಹೊಸ ಹುಡುಗರನ್ನು ನಿಜವಾಗಿ ಹೊರಗೆ ಕೂರಿಸುವುದು ಇನ್ನೊಂದು ವಿಷಯ. ಡಿಫೆನ್ಸ್‌ನ ಇಬ್ಬರು ಜಾಗ ಅದಲು ಬದಲು ಮಾಡಿಕೊಂಡು ನುಗ್ಗುತ್ತಾರಲ್ಲ, ಆ ಟ್ವಿಸ್ಟ್. ಹೊಸಬ ಗಾರ್ಡ್ ತನ್ನವನ ಹಿಂದೆಯೇ ಓಡುತ್ತಾನೆ. ಅವನು ಓಡಿದ ಜಾಗದಿಂದ ಇನ್ನೊಬ್ಬ ಬಂದು ಕ್ವಾರ್ಟರ್‌ಬ್ಯಾಕ್‌ನನ್ನು ಮಲಗಿಸುತ್ತಾನೆ. ಪಳಗಿದವನು ತನ್ನವನನ್ನು ಪಕ್ಕದ ಟ್ಯಾಕಲ್‌ಗೆ ದಾಟಿಸಿ, ಅರೆಕ್ಷಣ ನಿಂತು, ಬರುವವನಿಗೆ ಕಾಯುತ್ತಾನೆ. ಆ ಅರೆಕ್ಷಣದ ತಾಳ್ಮೆ ಜಿಮ್‌ನಲ್ಲಿ ಬರುವುದಿಲ್ಲ. ಎಷ್ಟೇ ಬಲ ಇದ್ದರೂ ಇದು ಬಾರದವನನ್ನು ಯಾವ ಕೋಚೂ ನಂಬುವುದಿಲ್ಲ.

ಅಪವಾದ ಇಲ್ಲವಾ? ಇದ್ದಾರೆ. ಒರೆಗಾನ್‌ನ ಪೆನೇ ಸೂಯೆಲ್ 2018ರಲ್ಲಿ ಮೊದಲ ವರ್ಷವೇ ಎಡ ಟ್ಯಾಕಲ್ ಆಗಿ ಶುರು ಮಾಡಿ, ಮರುವರ್ಷ ದೇಶದ ಉತ್ತಮ ಒಳಸಾಲಿನ ಲೈನ್‌ಮನ್‌ಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿ ಗೆದ್ದ. ಟೆಕ್ಸಸ್‌ನ ಕೆಲ್ವಿನ್ ಬ್ಯಾಂಕ್ಸ್ 2022ರಲ್ಲಿ ಬಂದ ಕೂಡಲೇ ಸ್ಟಾರ್ಟರ್. ಇವರನ್ನು ಅಳತೆಗೋಲು ಮಾಡಿಕೊಂಡರೆ ಉಳಿದ ಹುಡುಗರಿಗೆ ಅನ್ಯಾಯ. ನಾನು ಉದಾಹರಣೆ ಕೊಡೋದು ಟೈಲರ್ ಲಿಂಡರ್‌ಬಾಮ್‌ನದು. 2018ರಲ್ಲಿ ಅಯೋವಾಕ್ಕೆ ಬಂದಾಗ ಡಿಫೆನ್ಸಿವ್ ಲೈನ್‌ಮನ್. ಸೆಂಟರ್‌ಗೆ ಬದಲಾಯಿಸಿದರು. 2019ರಲ್ಲಿ ಸ್ಟಾರ್ಟರ್ ಆದ, 2021ರಲ್ಲಿ ದೇಶದ ಉತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಅವನದಾಯಿತು. ಅಯೋವಾ ತಂಡದವನೇ ಆದ ಬ್ರ್ಯಾಂಡನ್ ಶೆರ್ಫ್ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಕೂಡ ಆಡಿದವನು! ಔಟ್‌ಲ್ಯಾಂಡ್ ಬಂದಿದ್ದು 2014ರಲ್ಲಿ, ಕಾಲೇಜಿನ ಐದನೇ ವರ್ಷ.

ರೆಡ್‌ಶರ್ಟ್ ಲೆಕ್ಕವೂ ಗೊತ್ತಿರಲಿ, ಅಂದರೆ ಆಡುವ ವರ್ಷ ಉಳಿಸಿಕೊಂಡು ಒಂದು ವರ್ಷ ಕೂರುವುದು. 2018ರಲ್ಲಿ ಬಂದ ನಿಯಮದಂತೆ ನಾಲ್ಕು ಪಂದ್ಯದವರೆಗೆ ಆಡಿದರೂ ಆ ವರ್ಷ ಖರ್ಚಾಗುವುದಿಲ್ಲ. ಒಂದೇ ಸ್ನ್ಯಾಪ್ ಆಡಿದರೂ ಅದು ಒಂದು ಪಂದ್ಯವೇ. ಹಾಗಾಗಿ ಐದನೇ ಪಂದ್ಯಕ್ಕೂ ಹೊಸಬನನ್ನು ಇಳಿಸಿದರೆ, ಕೋಚ್ ಅವನನ್ನು ಈ ವರ್ಷವೇ ಬಳಸಲು ತೀರ್ಮಾನಿಸಿದ್ದಾರೆ ಅಂತ ಅರ್ಥ.

ಸೆಪ್ಟೆಂಬರ್‌ನ ಏಕಪಕ್ಷೀಯ ಪಂದ್ಯಗಳಲ್ಲಿ ಜನ ಮೂರನೇ ಕ್ವಾರ್ಟರ್‌ಗೇ ಎದ್ದು ಹೋಗುತ್ತಾರೆ. ನನಗೆ ಅಲ್ಲಿಂದಲೇ ಆಟ ಶುರು. ಹುಡುಗ ಒಳಗೆ ಬಂದಾಗ ಪಕ್ಕದಲ್ಲಿ ಯಾರಿದ್ದಾರೆ? ಐವರೂ ಬದಲಿಯವರಾದರೆ ಅದಕ್ಕೆ ಜಾಸ್ತಿ ಬೆಲೆ ಇಲ್ಲ. ನಾಲ್ವರು ಸ್ಟಾರ್ಟರ್‌ಗಳ ನಡುವೆ ಇವನೊಬ್ಬನನ್ನು ಇಳಿಸಿದರೆ, ಆರನೆಯವನು ಇವನೇ. ಫೀಲ್ಡ್ ಗೋಲ್ ಒದೆಯುವಾಗ ಸಾಲಿನಲ್ಲಿ ಯಾವ ಹೊಸಬ ನಿಂತಿದ್ದಾನೆ ಅನ್ನೋದನ್ನೂ ನೋಡಿಕೊಳ್ಳಿ. ಒಂದು ಯಾರ್ಡ್ ಬೇಕಾದಾಗ ಹೆಚ್ಚುವರಿ ಬ್ಲಾಕರ್ ಆಗಿ ಬರುವ ದಪ್ಪನೆಯವನು ಯಾರು ಅನ್ನೋದನ್ನೂ.

ಕೋಚ್‌ಗಳ ಮಾತಿಗೆ ಬಂದರೆ, "ಅವನ ಭವಿಷ್ಯ ಚೆನ್ನಾಗಿದೆ" ಅಂದರೆ ಈ ವರ್ಷ ಇಲ್ಲ ಅಂತಲೇ ತಿಳಿಯಿರಿ.

ಈಗಿನ ದೊಡ್ಡ ತಲೆನೋವು, ಆಟಗಾರರು ಕಾಲೇಜು ಬದಲಿಸುವ ಟ್ರಾನ್ಸ್‌ಫರ್ ಪೋರ್ಟಲ್. ಎರಡು ವರ್ಷ ಕಾದ ಹುಡುಗನ ಮುಂದೆ ಬೇರೆ ಕಾಲೇಜಿನಲ್ಲಿ ಪಳಗಿದವನನ್ನು ತಂದು ಕೂರಿಸುತ್ತಾರೆ. ಆಗ ಕೇಳಬೇಕಾದ್ದು ಒಂದೇ: ಬಂದವನಿಗೆ ಇನ್ನೆಷ್ಟು ವರ್ಷ ಇದೆ? ಒಂದೇ ಆದರೆ ನಮ್ಮ ಹುಡುಗ ಇನ್ನೊಂದು ವರ್ಷ ತಡೆದುಕೊಳ್ಳಬಹುದು. ಮೂರು ಅಂದರೆ ಅವನೂ ಗಂಟುಮೂಟೆ ಕಟ್ಟುತ್ತಾನೆ, ಕಟ್ಟಬೇಕು ಕೂಡ. ನನ್ನ ಲೆಕ್ಕದಲ್ಲಿ ಮೂರನೇ ವಸಂತದ ಅಭ್ಯಾಸ ಮುಗಿಯುವಷ್ಟರಲ್ಲಿ ಹುಡುಗ ತಂಡದ ಮೊದಲ ಏಳು ಲೈನ್‌ಮನ್‌ಗಳೊಳಗೆ ಇರಬೇಕು. ಇಲ್ಲದಿದ್ದರೆ ಚಿಕ್ಕ ಕಾಲೇಜಿಗೆ ಹೋಗಿ ವಾರಕ್ಕೆ 65 ಸ್ನ್ಯಾಪ್ ಆಡೋದೇ ವಾಸಿ. ಆದರೆ ಅಲ್ಲಿಗೆ ಹೋಗುವ ಮುಂಚೆ ಅಲ್ಲಿನ ಐದು ಜಾಗವನ್ನೂ ಹೀಗೇ ಬರೆದು ನೋಡಿಕೊಂಡಿರಬೇಕು.