ಉಪ್ಪುನೀರಿನ ಟ್ಯಾಂಕ್ ಮತ್ತೆ ಶುರು ಮಾಡುವಾಗ ಹೊಸ ಮರಳಿನ ತಯಾರಿ

ನಾಲ್ಕೈದು ವರ್ಷ ನಡೆದ ಮೆರೈನ್ ಟ್ಯಾಂಕನ್ನು (ಕಡಲ ಮೀನು, ಹವಳ ಸಾಕುವ ಗಾಜಿನ ತೊಟ್ಟಿ) ಬಿಚ್ಚಿ ಮತ್ತೆ ಕಟ್ಟುವಾಗ ಹಳೇ ಮರಳನ್ನೇ ಚೆನ್ನಾಗಿ ತೊಳೆದು ಹಾಕಿದರೆ ಸಾಲದೇ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಸಾಲದು. ಮೆರೈನ್ ಟ್ಯಾಂಕಿನ ಅರಗೊನೈಟ್ ಮರಳು ಕ್ಯಾಲ್ಸಿಯಂ ಕಾರ್ಬೊನೇಟ್. ಮೀನಿನ ಆಹಾರದಿಂದ ಬಂದ ಫಾಸ್ಫೇಟ್ ಅದರ ಕಾಳುಗಳ ಮೈಗೆ ಅಂಟಿಕೊಂಡು ಕೂತಿರುತ್ತದೆ. ನಲ್ಲಿ ನೀರಿನಲ್ಲಿ ಎಷ್ಟು ತಿಕ್ಕಿದರೂ ಹೋಗುವುದು ಮೇಲಿನ ಕೊಳೆ ಮಾತ್ರ. ಫಾಸ್ಫೇಟ್ ಇಲ್ಲದ ಹೊಸ ನೀರು ತುಂಬಿದ ಮೇಲೆ ಹಳೆಯ ಕಾಳುಗಳು ಅದನ್ನು ನಿಧಾನವಾಗಿ ಬಿಡುತ್ತ ಹೋಗುತ್ತವೆ, ಎರಡು ತಿಂಗಳಲ್ಲಿ ಕಲ್ಲಿನ ಮೇಲೆ ಹಸಿರು ಪಾಚಿ ಕೂದಲು ಬೆಳೆಯುತ್ತದೆ. ಇಡೀ ಟ್ಯಾಂಕಿನ ಖರ್ಚಿನಲ್ಲಿ ಮರಳಿನದು ಸಣ್ಣ ಪಾಲು. ಅದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಎಷ್ಟು ಬೇಕು ಅನ್ನುವುದಕ್ಕೆ ಲೆಕ್ಕ ಸುಲಭ. ಟ್ಯಾಂಕಿನ ಉದ್ದ, ಅಗಲ, ಮರಳಿನ ದಪ್ಪ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಒಂದು ಲೀಟರ್ ಒಣ ಅರಗೊನೈಟ್ ಸುಮಾರು 1.4 ಕೆಜಿ ತೂಗುತ್ತದೆ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಟ್ಯಾಂಕಿಗೆ 3 ಸೆಂ.ಮೀ. ದಪ್ಪ ಹಾಕಬೇಕಾದರೆ 12 ಲೀಟರ್, ಅಂದರೆ 17 ಕೆಜಿ. ತಳದಲ್ಲಿ ಕಲ್ಲು ಕೂರುವ ಜಾಗ ಕಳೆದರೆ 15 ಕೆಜಿ ಸಾಕು. 3ರಿಂದ 4 ಸೆಂ.ಮೀ. ದಪ್ಪವೇ ಹೆಚ್ಚಿನವರಿಗೆ ಸರಿ. ಮರಳಿನೊಳಗೆ ನುಗ್ಗಿ ಮಲಗುವ ವ್ರಾಸ್ ಜಾತಿಯ ಮೀನು ಸಾಕುವುದಾದರೆ 5 ಸೆಂ.ಮೀ. ಇರಲಿ. 10 ಸೆಂ.ಮೀ. ಮೀರಿದ ಆಳದ ಮರಳಿನ ಪದ್ಧತಿ ಬೇರೆಯೇ ವಿದ್ಯೆ. ಅತ್ತಲೂ ಅಲ್ಲದ ಇತ್ತಲೂ ಅಲ್ಲದ 7-8 ಸೆಂ.ಮೀ. ಹಾಕಿದರೆ ಕಸ ತಳದಲ್ಲಿ ಸೇರಿಕೊಳ್ಳುತ್ತದೆ, ಅದನ್ನು ಪೈಪಿನಿಂದ ಎಳೆದು ತೆಗೆಯುವುದೂ ಕಷ್ಟ.

ಕಾಳಿನ ಗಾತ್ರ 1ರಿಂದ 2 ಮಿ.ಮೀ. ಇದ್ದರೆ ಪವರ್‌ಹೆಡ್‌ನ (ಟ್ಯಾಂಕಿನೊಳಗೆ ನೀರು ತಿರುಗಿಸುವ ಪಂಪ್) ಹರಿವಿಗೆ ಹಾರುವುದಿಲ್ಲ. ಉಪ್ಪಿಟ್ಟಿನ ರವೆಯಷ್ಟು ಸಣ್ಣದು ನೋಡಲು ಚೆಂದ, ಮರಳು ಜರಡಿ ಹಿಡಿದು ತಿನ್ನುವ ಗೋಬಿ ಮೀನಿಗೂ ಅದೇ ಬೇಕು, ಆದರೆ ಹರಿವು ಜೋರಾಗಿದ್ದರೆ ಒಂದು ಮೂಲೆಯಲ್ಲಿ ಗುಡ್ಡೆಯಾಗಿ ಇನ್ನೊಂದು ಮೂಲೆಯಲ್ಲಿ ಬರೀ ಗಾಜು ಕಾಣುತ್ತದೆ. 3 ಮಿ.ಮೀ. ದಾಟಿದ ಹವಳದ ಚೂರಿನ ಸಂದಿಗಳಲ್ಲಿ ಮೀನಿನ ಹಿಕ್ಕೆ, ಉಳಿದ ಆಹಾರ ತುಂಬಿಕೊಳ್ಳುತ್ತದೆ.

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಹೇಮಾವತಿ ಮರಳು, ಎಂ-ಸ್ಯಾಂಡ್ ಕೈಗೆ ಸಿಗುವಷ್ಟು ಸುಲಭವಾಗಿ ಅರಗೊನೈಟ್ ಸಿಗುವುದಿಲ್ಲ. ಬೆಂಗಳೂರಿನಿಂದ ಕೊರಿಯರ್‌ನಲ್ಲೋ ಬಸ್ ಪಾರ್ಸೆಲ್‌ನಲ್ಲೋ ತರಿಸಬೇಕು. ಹಾಗೆಂದು ಮನೆ ಕಟ್ಟುವ ಮರಳು ತುಂಬಬೇಡಿ. ನದಿ ಮರಳಿನಲ್ಲಿ ಸಿಲಿಕಾ ಜೊತೆಗೆ ಅಭ್ರಕ, ಕಬ್ಬಿಣದ ಕರಿ ಕಾಳು, ಜೇಡಿ ಎಲ್ಲ ಇರುತ್ತದೆ. ಎಂ-ಸ್ಯಾಂಡ್ ಕಲ್ಲು ಒಡೆದ ಪುಡಿ, ಮೊನೆ ಚೂಪು, ಧೂಳು ಮುಗಿಯುವುದೇ ಇಲ್ಲ. ಮಂಗಳೂರು ಕಡೆ ಹೋದಾಗ ಬೀಚಿನಿಂದ ಒಂದು ಚೀಲ ತುಂಬಿಕೊಂಡು ಬರುವ ಯೋಚನೆಯೂ ಬೇಡ. ಹವಳದ ಚೂರಿಗಂತೂ ಕಾನೂನೇ ಅಡ್ಡ: ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಎಲ್ಲಿಂದಲೋ ಹೆಕ್ಕಿ ತಂದ ಹವಳದ ತುಂಡು ಅಂತ ಯಾರಾದರೂ ಅಗ್ಗಕ್ಕೆ ಕೊಟ್ಟರೆ ಮುಟ್ಟಬೇಡಿ.

ಪ್ಯಾಕೆಟ್ ಬಂದ ಕೂಡಲೇ ಎರಡು ಪರೀಕ್ಷೆ ಮಾಡಿ. ಒಂದು ಚಮಚ ಮರಳಿಗೆ ಬಿಳಿ ವಿನೆಗರ್ ಹಾಕಿ: ಗುಳ್ಳೆ ಎದ್ದರೆ ಕಾರ್ಬೊನೇಟ್, ಸುಮ್ಮನಿದ್ದರೆ ಸಿಲಿಕಾ. ಎರಡನೆಯದು, ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಣ ಮರಳಿನಲ್ಲಿ ಆಡಿಸಿ. ಕರಿ ಕಾಳು ಅಂಟಿ ಬಂದರೆ ಆ ಚೀಲ ವಾಪಸ್ ಕಳಿಸಿ.

ಇನ್ನು ಪಾತ್ರೆ. ಬೇರೆ ಊರಿನವರಿಗೆ ಇದು ಹೇಳಬೇಕಾದ ಮಾತಲ್ಲ, ಮಲೆನಾಡಿನಲ್ಲಿ ಹೇಳಲೇಬೇಕು. ಮನೆಯಲ್ಲಿ ಇರುವ ದೊಡ್ಡ ಬಕೆಟ್, ಡ್ರಮ್ಮು, ಟಬ್ಬು ಹೆಚ್ಚಾಗಿ ತೋಟದ ಕೆಲಸದವು. ಕಾಫಿಗೆ, ಅಡಿಕೆಗೆ ಬೋರ್ಡೋ ದ್ರಾವಣ ಕಲಸಿದ್ದ ಡ್ರಮ್ಮಿನಲ್ಲಿ ಮರಳು ತೊಳೆದರೆ ಮುಂದೆ ಸಿಗಡಿ, ಶಂಖುಹುಳು, ಹವಳ ಒಂದೂ ಬದುಕುವುದಿಲ್ಲ. ಲೆಕ್ಕ ಹಾಕಿ ನೋಡಿ. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್‌ಗೆ 1 ಕೆಜಿ ಮೈಲುತುತ್ತ. ಅದರಲ್ಲಿ ಕಾಲು ಭಾಗ ತಾಮ್ರ. ಅಲ್ಲಿಗೆ ಲೀಟರ್‌ಗೆ ಎರಡೂವರೆ ಗ್ರಾಂ ತಾಮ್ರ ಆಯಿತು. ಅಂಥ ದ್ರಾವಣದ 10 ಮಿಲಿಯಷ್ಟು ಡ್ರಮ್ಮಿನ ಅಂಚಿನಲ್ಲಿ ಒಣಗಿ ಕೂತಿದ್ದರೂ 100 ಲೀಟರ್ ಟ್ಯಾಂಕಿಗೆ ಲೀಟರ್‌ಗೆ 0.25 ಮಿಗ್ರಾಂ ಬಂದುಬಿಡಬಹುದು. ಮೀನಿನ ಬಿಳಿಚುಕ್ಕೆ ರೋಗಕ್ಕೆ ಔಷಧವಾಗಿ ಕೊಡುವ ಪ್ರಮಾಣವೇ ಲೀಟರ್‌ಗೆ 0.15ರಿಂದ 0.20 ಮಿಗ್ರಾಂ, ಆ ಮಟ್ಟದಲ್ಲಿ ಸಿಗಡಿ, ಶಂಖುಹುಳುಗಳು ಸಾಯುತ್ತವೆ. ಎಲ್ಲವೂ ಕರಗದೇ ಇರಬಹುದು. ಆದರೆ ಸುಣ್ಣದ ಅಂಶದ ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲಾಮೇಲೆ ಬಿಡುತ್ತದೆ, ಹಾಗಾಗಿ ನೀರು ಬದಲಿಸಿದರೂ ಕಾಟ ತಪ್ಪುವುದಿಲ್ಲ. ನೀಲಿ ಕಲೆ ಕಾಣದಿದ್ದರೂ ತೋಟದ ಪಾತ್ರೆ ಬೇಡ. 20 ಲೀಟರಿನ ಎರಡು ಹೊಸ ಪ್ಲಾಸ್ಟಿಕ್ ಬಕೆಟ್ ತಂದು ಅದಕ್ಕೇ ಮೀಸಲಿಡಿ. ಕೈಗೆ ಸೋಪು, ಬಟ್ಟೆ ತೊಳೆಯುವ ಪುಡಿಯೂ ತಾಗಿರಬಾರದು. ತೊಳೆದ ಮರಳನ್ನು ಕಾಫಿ ಕಣದಲ್ಲಿ ಹರಡಿ ಒಣಗಿಸುವ ಅಗತ್ಯ ಇಲ್ಲವೇ ಇಲ್ಲ. ಒದ್ದೆಯಾಗಿಯೇ ಟ್ಯಾಂಕಿಗೆ ಹೋಗಲಿ.

ತೊಳೆಯುವಾಗ ಒಂದು ಬಕೆಟ್‌ಗೆ 3 ಕೆಜಿಗಿಂತ ಹೆಚ್ಚು ಹಾಕಬೇಡಿ. 10 ಕೆಜಿ ಒಟ್ಟಿಗೆ ಸುರಿದರೆ ತಳದ ಪುಡಿ ಮೇಲೇಳುವುದೇ ಇಲ್ಲ, ಮೇಲಿನ ನೀರು ತಿಳಿಯಾಯಿತು ಎಂದು ನೀವು ಮೋಸ ಹೋಗುತ್ತೀರಿ. ನೀರಿನ ಪೈಪನ್ನು ಮರಳಿನ ತಳಕ್ಕೆ ತೂರಿಸಿ ನಲ್ಲಿ ಬಿಡಿ, ಇನ್ನೊಂದು ಕೈಯಲ್ಲಿ ತಳದಿಂದ ಮೇಲಕ್ಕೆ ಮೊಗೆಯಿರಿ. ಐದು ಸೆಕೆಂಡು ನಿಲ್ಲಿಸಿ, ಕಾಳು ತಳ ಸೇರಿದ ತಕ್ಷಣ ಬಿಳಿ ನೀರನ್ನು ಬಗ್ಗಿಸಿ. ಎಂಟರಿಂದ ಹನ್ನೆರಡು ಸಲ ಹೀಗಾಗಬೇಕು. ಸಣ್ಣ ಕಾಳಿನ ಮರಳಾದರೆ ಇನ್ನೂ ಜಾಸ್ತಿ. ಸಾಕೋ ಸಾಲದೋ ಗೊತ್ತಾಗಬೇಕಾದರೆ ಗಾಜಿನ ಲೋಟಕ್ಕೆ ಕಾಲು ಭಾಗ ಮರಳು, ಉಳಿದದ್ದು ನೀರು ಹಾಕಿ ಕಲಕಿ ಹತ್ತು ಎಣಿಸಿ. ಲೋಟದ ಹಿಂದೆ ಹಿಡಿದ ಪತ್ರಿಕೆಯ ಸಣ್ಣಕ್ಷರ ಓದಲು ಬಂದರೆ ಮುಗಿಯಿತು. ನೀರು ಕನ್ನಡಿಯಾಗಲೇಬೇಕು ಅಂತ ಇಪ್ಪತ್ತೈದು ಸಲ ತೊಳೆಯಬೇಡಿ. ಕಾಳು ಕಾಳಿಗೆ ಉಜ್ಜಿ ಹೊಸ ಪುಡಿ ಹುಟ್ಟುತ್ತಲೇ ಇರುತ್ತದೆ. ಈ ಬಿಳಿ ನೀರನ್ನು ಅಡುಗೆಮನೆ ಸಿಂಕಿಗೆ ಸುರಿದರೆ ಪೈಪಿನ ಬಾಗಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಕಾಫಿ ಗಿಡದ ಬುಡಕ್ಕೆ ಹಾಕಿ, ಹುಳಿ ಮಣ್ಣಿಗೆ ಹೇಗೂ ಸುಣ್ಣ ಕೊಡುತ್ತೀರಲ್ಲ.

ತೊಳೆಯಲು ನಲ್ಲಿ ನೀರು ಸಾಕು. ಕೊನೆಯ ಎರಡು ಸಲ ಮಾತ್ರ ಆರ್‌ಓ ನೀರು ಬಳಸಿ, ಅದರಲ್ಲೂ ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಾದರೆ. ಅಡುಗೆಮನೆಯ ಆರ್‌ಓಗೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಹೊಂದಿಸುವ ತಿರುಪು ಇದ್ದರೆ ಅದನ್ನು ಪೂರ್ತಿ ಮುಚ್ಚಿ, ಇಲ್ಲದಿದ್ದರೆ ಶುದ್ಧ ನೀರಿಗೆ ಕಚ್ಚಾ ನೀರು ಬೆರೆತೇ ಬರುತ್ತದೆ. ಮಳೆಗಾಲದಲ್ಲಿ ಸೂರಿನ ನೀರು ಹಿಡಿಯುವ ಆಸೆ ಆಗುತ್ತದೆ. ಮಾಡಿನ ಜಿಂಕ್ ಶೀಟಿನಿಂದ ಇಳಿದ ನೀರಿನಲ್ಲಿ ಸತು ಇರುತ್ತದೆ, ಬೇಡ. ತೊಳೆದಾದ ಮೇಲೆ 200 ಗ್ರಾಂ ಮರಳನ್ನು 1 ಲೀಟರ್ ಆರ್‌ಓ ನೀರಿನಲ್ಲಿ ಒಂದು ದಿನ ನೆನೆಸಿ ಆ ನೀರಿನ ಫಾಸ್ಫೇಟನ್ನು ಟೆಸ್ಟ್ ಕಿಟ್‌ನಲ್ಲಿ ನೋಡಿ. 0.1 ಪಿಪಿಎಂ (ಲೀಟರ್‌ಗೆ 0.1 ಮಿಗ್ರಾಂ) ದಾಟಿದರೆ ಮತ್ತೆ ನೆನೆಸಿ ಬಸಿಯಿರಿ. ಮೂರನೇ ಸಲವೂ ಇಳಿಯದಿದ್ದರೆ ಆ ಮರಳು ಸರಿಯಿಲ್ಲ.

ಒದ್ದೆ ಪ್ಯಾಕೆಟ್ಟಿನಲ್ಲಿ ಬರುವ ಲೈವ್ ಸ್ಯಾಂಡ್‌ಗೆ ಇದ್ಯಾವುದೂ ಅನ್ವಯಿಸದು. ಅದನ್ನು ಸಿಹಿನೀರಿನಲ್ಲಿ ತೊಳೆದರೆ ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾ ಸಾಯುತ್ತದೆ. ಅವಧಿ ಮುಗಿದಿಲ್ಲ ಅಂತ ನೋಡಿ, ಮೂಸಿ, ಕೊಳೆತ ವಾಸನೆ ಇಲ್ಲದಿದ್ದರೆ ನೇರ ಹಾಕಿ.

ಟ್ಯಾಂಕಿನಲ್ಲಿ ಜೀವಿಗಳಿದ್ದರೆ ಬಿಚ್ಚುವ ಕ್ರಮ ತಪ್ಪಬಾರದು: ಮೊದಲು ಮೇಲಿನ ತಿಳಿ ನೀರು ಡ್ರಮ್ಮಿಗೆ, ನಂತರ ಕಲ್ಲು, ನಂತರ ಮೀನು, ಎಲ್ಲ ಹೊರಬಂದ ಮೇಲೆಯೇ ಹಳೇ ಮರಳಿಗೆ ಕೈ. ತಳದಲ್ಲಿ ಕಪ್ಪಾದ ಜಾಗ ಇದ್ದರೆ ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಮೀನು ಒಳಗಿದ್ದರೆ ಪ್ರಾಣಕ್ಕೇ ಅಪಾಯ. ಲೈವ್ ರಾಕನ್ನು (ಬ್ಯಾಕ್ಟೀರಿಯಾ ನೆಲೆಸಿದ ಟ್ಯಾಂಕಿನ ಕಲ್ಲು) ಹೀಟರ್, ಪವರ್‌ಹೆಡ್ ಇರುವ ಉಪ್ಪುನೀರಿನ ಟಬ್ಬಿನಲ್ಲಿಡಿ, ಒಣಗಲು ಬಿಡಬೇಡಿ. ಮೂಡಿಗೆರೆ, ಸಕಲೇಶಪುರದವರು ಈ ಕೆಲಸವನ್ನು ಜೂನ್, ಜುಲೈನಲ್ಲಿ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಇಟ್ಟುಕೊಂಡರೆ ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಪಕ್ಕದಲ್ಲಿರಲಿ, ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದು.

ಮತ್ತೆ ಕಟ್ಟುವಾಗ ಕಲ್ಲು ಮೊದಲು, ಮರಳು ಆಮೇಲೆ. ಕಲ್ಲು ಗಾಜಿನ ಮೇಲೇ ಭದ್ರವಾಗಿ ಕೂತಿರಬೇಕು. ಮರಳಿನ ಮೇಲೆ ಕೂರಿಸಿದ ಕಲ್ಲಿನ ಬುಡವನ್ನು ಗೋಬಿಯೋ ಪಿಸ್ತೂಲ್ ಸಿಗಡಿಯೋ ತೋಡಿದರೆ ಕಲ್ಲು ಉರುಳಿ ಗಾಜು ಬಿರುಕು ಬಿಡುತ್ತದೆ. ಮರಳು ಹರಡಿ, ಮೇಲೊಂದು ತಟ್ಟೆ ಇಟ್ಟು, ಕಲಸಿ ಒಂದು ದಿನ ತಿರುಗಿಸಿಟ್ಟ ಉಪ್ಪುನೀರನ್ನು ತಟ್ಟೆಯ ಮೇಲೆ ನಿಧಾನವಾಗಿ ಸುರಿಯಿರಿ. ಸಾಂದ್ರತೆ 1.025, ಉಷ್ಣತೆ 25-26 ಡಿಗ್ರಿ. ಆಗಲೇ ನೀರು ತುಂಬಿದ ಟ್ಯಾಂಕಾದರೆ ಎರಡಿಂಚಿನ ಪಿವಿಸಿ ಪೈಪನ್ನು ತಳಕ್ಕೆ ತಾಗಿಸಿ ಮೇಲಿಂದ ಲೋಟ ಲೋಟ ಮರಳು ಇಳಿಸಿ. ಆದರೆ ಬಸಿದ ಮೇಲೂ 12 ಲೀಟರ್ ಮರಳು ಮೂರ್ನಾಲ್ಕು ಲೀಟರ್ ಸಿಹಿನೀರು ಹಿಡಿದಿರುತ್ತದೆ. ಜೀವಿಗಳಿರುವ ಟ್ಯಾಂಕಿಗೆ ಹಾಕುವ ಮುಂಚೆ ಒಂದು ಸಲ ಉಪ್ಪುನೀರಿನಲ್ಲಿ ಅಲುಗಿಸಿ ಬಸಿಯಿರಿ, ಉಪ್ಪಿನ ಮಟ್ಟ ತಟಕ್ಕನೆ ಇಳಿಯುವುದು ತಪ್ಪುತ್ತದೆ.

ಎಷ್ಟು ತೊಳೆದರೂ ಮೊದಲ ದಿನ ನೀರು ಬೆಳ್ಳಗಿರುತ್ತದೆ. ಪುಡಿ ಒಂದರಿಂದ ಮೂರು ದಿನದಲ್ಲಿ ಇಳಿಯುತ್ತದೆ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಆಫ್ ಮಾಡಿಡಿ, ಪವರ್‌ಹೆಡ್ ಮುಖ ಮೇಲಕ್ಕೆ ತಿರುಗಿಸಿ, ಫಿಲ್ಟರ್ ಹತ್ತಿಯನ್ನು ಆರೆಂಟು ಗಂಟೆಗೊಮ್ಮೆ ಬದಲಿಸಿ. ಕಲ್ಲಿನ ಮೇಲೆ ಕೂತ ಪುಡಿಯನ್ನು ಸಣ್ಣ ಪಂಪ್ ಹಿಡಿದು ಊದಿಸಿದರೆ ಹತ್ತಿಗೆ ಹೋಗಿ ಸೇರುತ್ತದೆ. ತಿಳಿಯಾದ ನೀರು ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಹಾಲಿನಂತಾದರೆ ಅದು ಮರಳಲ್ಲ, ಬ್ಯಾಕ್ಟೀರಿಯಾ ಏರಿಕೆ. ಆಗ ಗಾಳಿ ಹೆಚ್ಚಿಸಿ, ಸ್ಕಿಮ್ಮರ್ ಆನ್ ಮಾಡಿ. ಮೂರನೇ ತರಹದ ಬಿಳುಪು ನಾವೇ ತಂದುಕೊಳ್ಳುವುದು. ಹೊಸ ಅರಗೊನೈಟ್ ಕಾಳುಗಳ ಬರಿ ಮೈ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಟ್ಟಲು ಹೇಳಿ ಮಾಡಿಸಿದ ಜಾಗ. ಮೊದಲ ವಾರದಲ್ಲಿ ಕೆಎಚ್ (ನೀರಿನ ಕಾರ್ಬೊನೇಟ್ ಅಂಶದ ಅಳತೆ) ಏರಿಸಲು ಬಫರ್ ಪುಡಿ ಸುರಿದರೆ ಕೆಎಚ್ ಏರುವ ಬದಲು ಕುಸಿದು ಮರಳು ಗಾರೆಯಂತೆ ಗಟ್ಟಿಯಾಗಬಹುದು. ಮರಳೇ ಪಿಎಚ್ ನೋಡಿಕೊಳ್ಳುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ, 8.1-8.2 ಪಿಎಚ್‌ನಲ್ಲಿ ಅರಗೊನೈಟ್ ಕರಗುವುದು ಅತ್ಯಲ್ಪ.

ಒಣ ಹೊಸ ಮರಳಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ. ಹಳೇ ಮರಳಿನ ಜೊತೆ ಅದರ ಒಂದು ಪಾಲನ್ನು ನೀವು ಹೊರಗೆ ಹಾಕಿದ್ದೀರಿ. ಹಳೇ ಲೈವ್ ರಾಕ್ ಉಳಿದಿದ್ದರೆ ಎರಡು ವಾರ ಆಹಾರ ಅರ್ಧಕ್ಕೆ ಇಳಿಸಿ, ದಿನ ಬಿಟ್ಟು ದಿನ ಅಮೋನಿಯಾ ನೋಡಿ, 0.25 ಪಿಪಿಎಂ ಕಂಡರೆ ಕಾಲು ಭಾಗ ನೀರು ಬದಲಿಸಿ. ಕಲ್ಲೂ ಹೊಸದಾದರೆ ಮೀನಿಲ್ಲದೆ ಪೂರ್ತಿ ಸೈಕಲ್ ಮಾಡಬೇಕು, ಅಂದರೆ ಅಮೋನಿಯಾ ಉಣಿಸಿ ಆ ಬ್ಯಾಕ್ಟೀರಿಯಾ ಬೆಳೆಸಬೇಕು: 100 ಲೀಟರ್‌ಗೆ ಸುಮಾರು 0.6 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ 2 ಪಿಪಿಎಂ ಆಸುಪಾಸು ಬರುತ್ತದೆ. ಅಷ್ಟು ಒಂದೇ ದಿನದಲ್ಲಿ ಸೊನ್ನೆಗಿಳಿದು ಅದರಿಂದ ಹುಟ್ಟುವ ನೈಟ್ರೈಟ್ ಕೂಡ ಸೊನ್ನೆ ಬಂದ ಮೇಲೆ ಮೀನು. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಹೀಟರ್ ಇಲ್ಲದಿದ್ದರೆ ಇದು ವಾರಗಟ್ಟಲೆ ಹಿಂದೆ ಬೀಳುತ್ತದೆ. ಎರಡು ಮೂರು ವಾರಕ್ಕೆ ಮರಳಿನ ಮೇಲೆ ಕಂದು ಪುಡಿ ಹರಡುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ತಾನಾಗಿ ಹೋಗುತ್ತದೆ, ಔಷಧ ಹಾಕಬೇಡಿ.

ಹೊರ ತೆಗೆದ ಹಳೇ ಮರಳನ್ನು ಎಲ್ಲಿ ಸುರಿಯುವುದು? ಹಾಗೇ ತೋಟಕ್ಕೆ ಬೇಡ, ಉಪ್ಪಿಗೆ ಎಲೆ ಸುಡುತ್ತದೆ. ಬಾವಿ ಹತ್ತಿರವೂ ಬೇಡ. ಗೋಣಿಚೀಲದಲ್ಲಿ ಕಟ್ಟಿ ಚರಂಡಿ ಪಕ್ಕ ಒಂದು ಮಳೆಗಾಲ ನೆನೆಯಲು ಬಿಟ್ಟರೆ ಉಪ್ಪು ಹೋಗುತ್ತದೆ, ಆಮೇಲೆ ಅಂಗಳದ ಗುಂಡಿ ಮುಚ್ಚಲು ಆದೀತು. ಪಕ್ಕದಲ್ಲಿ ಮನೆ ಕಟ್ಟುತ್ತಿರುವವರು ಕೇಳಿದರೆ ಮಾತ್ರ ಕೊಡಬೇಡಿ. ಉಪ್ಪು ಉಳಿದ ಮರಳು ಕಾಂಕ್ರೀಟಿಗೆ ಸೇರಿದರೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ.