ಬಟರ್‌ಮಿಯರ್ ಸರೋವರಕ್ಕೆ ಒಂದು ಸುತ್ತು: ಅಪ್ಪ ಅಮ್ಮನ ಜೊತೆ ಹೋಗುವವರಿಗೆ

ಊರಿಂದ ಅಪ್ಪ ಅಮ್ಮ ಇಂಗ್ಲೆಂಡಿಗೆ ಬಂದರೆ ಲೇಕ್ ಡಿಸ್ಟ್ರಿಕ್ಟ್ ತೋರಿಸದೆ ಕಳಿಸುವವರು ಕಡಿಮೆ. ಹೆಚ್ಚಿನವರು ವಿಂಡರ್‌ಮಿಯರ್‌ಗೆ ಹೋಗಿ, ದೋಣಿ ಹತ್ತಿ, ಫೋಟೋ ತೆಗೆದು, ಪಾರ್ಕಿಂಗ್ ಸಿಗಲಿಲ್ಲ ಅಂತ ಬೈಕೊಂಡು ವಾಪಸ್ ಬರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಜೊತೆಗಿರುವವರು ದಿನಾ ಬೆಳಿಗ್ಗೆ ವಾಕಿಂಗ್ ಹೋಗುವವರಾಗಿದ್ದರೆ ಸೀದಾ ಬಟರ್‌ಮಿಯರ್‌ಗೆ ಕರ್ಕೊಂಡು ಹೋಗಿ. ಸುಮಾರು ಎರಡು ಕಿಲೋಮೀಟರ್ ಉದ್ದದ ಸಣ್ಣ ಸರೋವರ ಇದು. ಸುತ್ತ ಗುಡ್ಡಗಳು, ನೀರಿನ ಪಕ್ಕದಲ್ಲೇ ಕಾಲುಹಾದಿ. ಹೊರಟ ಜಾಗಕ್ಕೇ ಬಂದು ಸೇರಬಹುದು, ಗುಡ್ಡ ಹತ್ತುವ ಕೆಲಸ ಇಲ್ಲ.

ಒಂದು ಸುತ್ತು ಅಂದರೆ ಸುಮಾರು ಏಳು ಕಿಲೋಮೀಟರ್. ಚೆನ್ನಾಗಿ ನಡೆಯುವವರಿಗೆ ಎರಡೂವರೆ ಗಂಟೆ ಸಾಕು. ಅರವತ್ತು ದಾಟಿದವರು ಜೊತೆಗಿದ್ದರೆ, ಫೋಟೋ, ಕಾಫಿ, ಅಲ್ಲಲ್ಲಿ ಕೂರುವುದು ಎಲ್ಲ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ಇದನ್ನು ಸುಲಭ ಅನ್ನುವವರೂ ಇದ್ದಾರೆ. ನಾನು ಮಧ್ಯಮ ಅಂತೀನಿ. ಏರು ಇಲ್ಲ ನಿಜ, ಆದರೆ ಪಾರ್ಕಿನ ಟಾರು ಹಾದಿ ಅಲ್ಲ ಇದು. ಮರದ ಬೇರು, ಒದ್ದೆ ಕಲ್ಲು, ಕೆಸರು ಇರುತ್ತದೆ. ಮಂಡಿ ನೋವು ಇರುವವರಿಗೆ ಏರಿಗಿಂತ ಇವೇ ಜಾಸ್ತಿ ತೊಂದರೆ ಕೊಡೋದು. ಒಂದು ವಾಕಿಂಗ್ ಕೋಲು ತಗೊಂಡು ಹೋಗಿ. ಬೇಡ ಅಂತಾರೆ, ಆದರೂ ಕಾರಲ್ಲಿ ಇಟ್ಟಿರಿ.

ಮೊದಲು ಅಲ್ಲಿಗೆ ತಲುಪುವ ವಿಷಯ. ರೈಲಿನಲ್ಲಾದರೆ ಪೆನ್ರಿತ್‌ನಲ್ಲಿ ಇಳಿದು, ಬಸ್ಸಿನಲ್ಲಿ ಕೆಸ್ವಿಕ್‌ಗೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿಯಬೇಕು. ಈ ಎರಡನೇ ಬಸ್ ಬೇಸಿಗೆ ಕಾಲದ್ದು, ಓಡಾಟವೂ ಕಮ್ಮಿ. ಹಾಗಾಗಿ ಹೋಗುವ ಬಸ್ಸಿನ ಟೈಮ್ ನೋಡುವಾಗಲೇ ವಾಪಸ್ ಬರುವ ಕೊನೇ ಬಸ್ಸಿನ ಟೈಮನ್ನೂ ಬರೆದಿಟ್ಟುಕೊಳ್ಳಿ. ಕಾರಿನಲ್ಲಾದರೆ ಎಂ6ರ 40ನೇ ಜಂಕ್ಷನ್‌ನಲ್ಲಿ ಇಳಿದು ಕೆಸ್ವಿಕ್ ಕಡೆ ಬನ್ನಿ. ಮುಂದಿನ ದಾರಿಯನ್ನು ಸ್ವಲ್ಪ ಯೋಚನೆ ಮಾಡಿ ಆರಿಸಿಕೊಳ್ಳಿ. ಮ್ಯಾಪ್ ನಿಮ್ಮನ್ನು ನ್ಯೂಲ್ಯಾಂಡ್ಸ್ ಕಣಿವೆಯ ಮೇಲಿಂದಲೋ ಹಾನಿಸ್ಟರ್ ಘಾಟಿಯ ಮೇಲಿಂದಲೋ ಕಳಿಸಬಹುದು. ಎರಡೂ ಕಡೆ ರಸ್ತೆ ಕಡಿದಾಗಿದೆ, ಕೆಲವು ಕಡೆ ನಾಲ್ಕಡಿಗೆ ಒಂದಡಿ ಏರು, ಎದುರಿಂದ ಗಾಡಿ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು, ಪಕ್ಕದಲ್ಲಿ ಅಮ್ಮ ಕೂತು ದೇವರ ನಾಮ ಶುರು ಮಾಡಿದರೆ ನಿಮಗೂ ಕೈ ನಡುಗುತ್ತದೆ. ವಿನ್‌ಲ್ಯಾಟರ್ ಘಾಟಿ ಹತ್ತಿ, ಲಾರ್ಟನ್‌ನಲ್ಲಿ ಇಳಿದು, ಕ್ರಮಕ್ ವಾಟರ್ ಅನ್ನೋ ಪಕ್ಕದ ಸರೋವರದ ಬದಿಯ ರಸ್ತೆಯಲ್ಲಿ ಬನ್ನಿ. ಸ್ವಲ್ಪ ಸುತ್ತು, ಆದರೆ ಸಲೀಸು.

ಬಟರ್‌ಮಿಯರ್ ಹಳ್ಳಿ ಅಂದರೆ ನಾಲ್ಕಾರು ಮನೆ, ಒಂದೆರಡು ಹೋಟೆಲ್, ಒಂದು ಪುಟ್ಟ ಚರ್ಚು, ಅಷ್ಟೇ. ಹಳ್ಳಿಯೊಳಗಿನ ಪಾರ್ಕಿಂಗ್ ನ್ಯಾಷನಲ್ ಪಾರ್ಕಿನದು. ಶೌಚಾಲಯವೂ ಅಲ್ಲೇ. ಹಳ್ಳಿಗೆ ಸ್ವಲ್ಪ ಮೊದಲು, ಕ್ರಮಕ್ ಕಡೆಯಿಂದ ಬರುವಾಗ ಸಿಗುವುದು ನ್ಯಾಷನಲ್ ಟ್ರಸ್ಟಿನದು. ಟ್ರಸ್ಟಿನ ಸದಸ್ಯರಾಗಿದ್ದರೆ ಅಲ್ಲಿ ದುಡ್ಡು ಕೊಡಬೇಕಿಲ್ಲ, ಹಳ್ಳಿಯೊಳಗೆ ಮಾತ್ರ ಕೊಡಲೇಬೇಕು. ಬಿಸಿಲಿನ ವಾರಾಂತ್ಯವಾದರೆ ಒಂಬತ್ತೂವರೆಯೊಳಗೆ ಅಲ್ಲಿರಿ. ಹನ್ನೊಂದಕ್ಕೆ ಹೋಗಿ ಜಾಗ ಹುಡುಕುವುದು ಬೇಡ. ಫೋನ್ ಸಿಗ್ನಲ್ ಸರಿಯಾಗಿ ಸಿಗದ ಊರು ಇದು, ಪಾರ್ಕಿಂಗ್ ಆ್ಯಪ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಕಾರ್ಡು, ಚಿಲ್ಲರೆ ಎರಡೂ ಇರಲಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸರೋವರಕ್ಕೆ ಟಿಕೆಟ್ ಏನೂ ಇಲ್ಲ.

ಮಳೆ ಬಗ್ಗೆ ಜಾಸ್ತಿ ಹೇಳಬೇಕು. ಪಕ್ಕದ ಕಣಿವೆಯಲ್ಲಿರುವ ಸೀತ್‌ವೇಟ್ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರು, ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತದೆ. ಆಗುಂಬೆಯಲ್ಲಿ ಇದರ ಎರಡರಷ್ಟಕ್ಕೂ ಜಾಸ್ತಿ ಬೀಳುತ್ತಲ್ಲ, ಇದೇನು ಮಹಾ ಅಂತ ಮಲೆನಾಡಿನವರು ಕೇಳಬಹುದು. ಆಗುಂಬೆಯ ಮಳೆ ಹೇಳಿ ಕೇಳಿ ಮಳೆಗಾಲದಲ್ಲಿ ಬರುತ್ತದೆ. ಇಲ್ಲಿ ಹನ್ನೆರಡು ತಿಂಗಳೂ ಬರುತ್ತದೆ, ತಣ್ಣಗೆ ಬರುತ್ತದೆ, ಗಾಳಿ ಜೊತೆ ಅಡ್ಡಡ್ಡ ಬರುತ್ತದೆ. ಈ ಸರೋವರದ ತಲೆ ಮೇಲಿರುವ ಹಾನಿಸ್ಟರ್‌ನಲ್ಲಿ 2015ರ ಡಿಸೆಂಬರ್‌ನಲ್ಲಿ 24 ಗಂಟೆಯಲ್ಲಿ 341.4 ಮಿಲಿಮೀಟರ್ ಬಿದ್ದು ಬ್ರಿಟನ್ನಿನ ದಾಖಲೆಯಾಯಿತು. ಹಾಗಾಗಿ ಬೆಳಿಗ್ಗೆ ಬಿಸಿಲಿದ್ದರೂ ಮಳೆ ಜಾಕೆಟ್ ಎಲ್ಲರ ಬೆನ್ನಲ್ಲೂ ಇರಬೇಕು. ಕೊಡೆ ಬೇಡ, ಗಾಳಿಗೆ ತಿರುಗಿಕೊಂಡು ಮುರಿಯುತ್ತದೆ. ಜೀನ್ಸ್ ಕೂಡ ಬೇಡ, ನೆಂದರೆ ಒಣಗೋದೇ ಇಲ್ಲ. ಅಮ್ಮ ಸೀರೆಯಲ್ಲೇ ಬರುತ್ತೇನೆ ಅಂದರೆ ಬರಲಿ, ಎರಡು ಇಂಚು ಮೇಲೆ ಉಟ್ಟರೆ ಆಯಿತು. ಆದರೆ ಚಪ್ಪಲಿಗೆ ಮಾತ್ರ ಒಪ್ಪಬೇಡಿ. ಹಿಡಿತ ಇರುವ ಶೂ, ದಪ್ಪ ಕಾಲುಚೀಲ, ಬ್ಯಾಗಿನಲ್ಲಿ ಇನ್ನೊಂದು ಜೊತೆ ಒಣ ಕಾಲುಚೀಲ.

ಈಗ ನಡಿಗೆ. ಯಾವ ಕಡೆಯಿಂದ ಸುತ್ತಿದರೂ ಸುತ್ತೇ. ಆದರೂ ನನ್ನ ಮಾತು ಕೇಳಿದರೆ ಸರೋವರ ಯಾವಾಗಲೂ ನಿಮ್ಮ ಎಡಗೈ ಕಡೆ ಇರುವ ಹಾಗೆ ಹೋಗಿ, ಅಂದರೆ ಅಪ್ರದಕ್ಷಿಣೆ. ದೇವಸ್ಥಾನ ಅಲ್ವಲ್ಲ, ಪರವಾಗಿಲ್ಲ. ನೈಋತ್ಯದ ದಡದ ಮೇಲೆ ಹೈ ಸ್ಟೈಲ್ ಅನ್ನೋ 807 ಮೀಟರಿನ ಗುಡ್ಡ ನಿಂತಿದೆ. ಬೆಳಿಗ್ಗೆ ಆ ಕಡೆ ಬಿಸಿಲು ಬೀಳುತ್ತದೆ, ಮಧ್ಯಾಹ್ನ ಕಳೆದರೆ ಗುಡ್ಡದ ನೆರಳು ಬಂದು ಚಳಿ ಶುರುವಾಗುತ್ತದೆ. ಈಶಾನ್ಯದ ದಡಕ್ಕೆ ಮಧ್ಯಾಹ್ನದ ಬಿಸಿಲು. ಬಿಸಿಲನ್ನು ಹಿಂಬಾಲಿಸಿಕೊಂಡು ಸುತ್ತಿದ ಹಾಗಾಗುತ್ತದೆ. ಇನ್ನೊಂದು ಕಾರಣ, ಸರೋವರದಲ್ಲಿ ಗುಡ್ಡದ ಬಿಂಬ ಕಾಣೋದು ಗಾಳಿ ಏಳುವ ಮುಂಚೆ, ಹೆಚ್ಚಾಗಿ ಬೆಳಿಗ್ಗೆ ಬೇಗ. ಆ ನೋಟ ಚೆನ್ನಾಗಿರೋದು ಹಳ್ಳಿ ಕಡೆಯ ತುದಿಯಿಂದ. ಹೊರಡುವಾಗಲೇ ಅದನ್ನು ಮುಗಿಸಿಬಿಡಬಹುದು.

ಹಳ್ಳಿಯ ಹೋಟೆಲ್ ಪಕ್ಕದ ಮಣ್ಣುದಾರಿ ಹಿಡಿಯಿರಿ. ಹಳೇ ಕಾಲದಲ್ಲಿ ಫಿಶ್ ಇನ್ ಅಂತ ಇದ್ದ ಛತ್ರ ಇಲ್ಲೇ. ಅದರ ಯಜಮಾನನ ಮಗಳು ಮೇರಿ ರಾಬಿನ್ಸನ್‌ಳ ಚೆಲುವು ಆಗ ದೇಶಕ್ಕೆಲ್ಲ ಸುದ್ದಿ. 1802ರಲ್ಲಿ ದೊಡ್ಡ ಮನೆತನದವನು ಅಂತ ಸುಳ್ಳು ಹೇಳಿ ಒಬ್ಬ ಅವಳನ್ನು ಮದುವೆಯಾದ. ಅವನ ನಿಜವಾದ ಹೆಸರು ಜಾನ್ ಹ್ಯಾಟ್‌ಫೀಲ್ಡ್, ಮೊದಲೇ ಹೆಂಡತಿ ಇದ್ದವನು. ಮರುವರ್ಷ ಕಾರ್ಲೈಲ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ಶಿಕ್ಷೆ ಆಗಿದ್ದು ಹುಡುಗಿಗೆ ಮೋಸ ಮಾಡಿದ್ದಕ್ಕಲ್ಲ, ಫೋರ್ಜರಿಗೆ. ಈ ಕತೆ ಹೇಳಿ, ಅಮ್ಮಂದಿರಿಗೆ ಮೊದಲ ಅರ್ಧ ಗಂಟೆ ಇದರಲ್ಲೇ ಕಳೆಯುತ್ತದೆ.

ಸ್ವಲ್ಪ ಮುಂದೆ ದಾರಿ ಕವಲಾಗುತ್ತದೆ. ಬಲದ್ದು ಕ್ರಮಕ್ ಕಡೆಗೆ, ನಿಮಗೆ ಬೇಕಿರುವುದು ಎಡದ್ದು. ಸರೋವರದ ತುದಿಗೆ ಬಂದು ಸೇತುವೆ ದಾಟಿದ ಮೇಲೆ ಬಲಗಡೆ ಸೌರ್ ಮಿಲ್ಕ್ ಗಿಲ್ ಅನ್ನೋ ಝರಿ ಬೆಳ್ಳಗೆ ಇಳಿಯುವುದು ಕಾಣುತ್ತದೆ. ಅಲ್ಲೇ ಕಲ್ಲು ಹಾಸಿದ ಮೆಟ್ಟಿಲ ಹಾದಿಯೊಂದು ರೆಡ್ ಪೈಕ್ ಗುಡ್ಡಕ್ಕೆ ಹತ್ತುತ್ತದೆ. ನೋಡಲು ಚೆನ್ನಾಗಿದೆ ಅಂತ ಅದನ್ನು ಹಿಡಿದೀರಿ ಮತ್ತೆ! ನೀರಿನ ಪಕ್ಕದ ಕೆಳಗಿನ ಹಾದಿಯಲ್ಲೇ ಬರ್ಟ್‌ನೆಸ್ ಕಾಡಿನೊಳಗೆ ಹೋಗಿ. ಇಡೀ ಸುತ್ತಿನಲ್ಲಿ ಅತಿ ಸಲೀಸಾದ ಭಾಗ ಇದು, ಹಾದಿ ಅಗಲ, ಮೇಲೆ ಮರದ ನೆರಳು. ಇಲ್ಲಿ ಯಾರ ಕಾಲು ಹೇಗಿದೆ ಅಂತ ಗೊತ್ತಾಗಿಬಿಡುತ್ತದೆ. ಈ ಕಾಡು ಮುಗಿಯುವ ಹೊತ್ತಿಗೇ ಯಾರಾದರೂ ಸುಸ್ತಾಗಿದ್ದರೆ ಬಂದ ದಾರಿಯಲ್ಲೇ ವಾಪಸ್ ಹೋಗಿ, ಮುಂದೆ ಇದಕ್ಕಿಂತ ಕಷ್ಟ.

ಕಾಡು ದಾಟಿದರೆ ಬಯಲು ಇಳಿಜಾರು, ಎದುರಿಗೆ ಫ್ಲೀಟ್‌ವಿತ್ ಪೈಕ್‌ನ ಚೂಪು ಏಣು. ಕಣ್ಣು ಚುರುಕಾಗಿದ್ದರೆ ಅದರ ಕೆಳಭಾಗದಲ್ಲಿ ಒಂದು ಬಿಳಿ ಶಿಲುಬೆ ಕಾಣುತ್ತದೆ. 1887ರಲ್ಲಿ ಅಲ್ಲಿಂದ ಬಿದ್ದು ತೀರಿಕೊಂಡ ಒಬ್ಬ ಯುವತಿಯ ನೆನಪಿಗೆ ಇಟ್ಟಿದ್ದು. ಅದರ ಬಲಕ್ಕೆ ಹೇಸ್ಟ್ಯಾಕ್ಸ್ ಗುಡ್ಡ. ಈ ನಾಡಿನ ಗುಡ್ಡಗಳನ್ನೆಲ್ಲ ನಡೆದು ಕೈಯಲ್ಲೇ ಚಿತ್ರ ಬಿಡಿಸಿ ದಾರಿ ತೋರಿಸಿದ ಆಲ್ಫ್ರೆಡ್ ವೇನ್‌ರೈಟ್ 1991ರಲ್ಲಿ ತೀರಿಕೊಂಡಾಗ, ಅವರ ಆಸೆಯಂತೆ ಬೂದಿಯನ್ನು ಹರಡಿದ್ದು ಅಲ್ಲಿ.

ಊಟಕ್ಕೆ ಈ ಬಯಲು ಒಳ್ಳೇ ಜಾಗ. ಚಪಾತಿ ಪಲ್ಯ ಸುತ್ತಿಕೊಂಡು ಹೋದರೆ ಕೈ ತೊಳೆಯುವ ರಗಳೆ ಕಮ್ಮಿ. ಚಿತ್ರಾನ್ನ ಗಾಳಿಗೆ ಎರಡೇ ನಿಮಿಷದಲ್ಲಿ ತಣ್ಣಗಾಗುತ್ತದೆ. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬದಲ್ಲಿ ಕೋಡುಬಳೆ ಇದ್ದರೆ ಇನ್ನೇನು ಬೇಕು. ಕಿತ್ತಳೆ ಸಿಪ್ಪೆ ಸಮೇತ ಎಲ್ಲ ಕಸ ವಾಪಸ್ ಬ್ಯಾಗಿಗೇ. ಕುರಿಗಳಿಗೆ ಏನೂ ಹಾಕಬೇಡಿ. ಅವು ಹರ್ಡ್‌ವಿಕ್ ತಳಿ. ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಮೈ ಬೂದು, ಮುಖ ಬಿಳಿ. ಉಣ್ಣೆ ಒರಟು, ನಮ್ಮ ಕಡೆ ಕಂಬಳಿ ನೇಯುವ ಡೆಕ್ಕನಿ ಕುರಿಯ ಉಣ್ಣೆಯ ಹಾಗೆ. ಕುರಿ ಸಾಕಿದ ಮನೆಯಿಂದ ಬಂದ ಅಪ್ಪಂದಿರು ಇಲ್ಲಿ ನಿಂತರೆ ಹೊರಡೋದೇ ಇಲ್ಲ. ದಾರಿಯಲ್ಲಿ ಸಿಗುವ ಪ್ರತಿ ಗೇಟನ್ನೂ ದಾಟಿದ ಮೇಲೆ ಮುಚ್ಚಿ.

ಸರೋವರದ ತಲೆಭಾಗದಲ್ಲಿ ಬಲಕ್ಕೆ ಹೇಸ್ಟ್ಯಾಕ್ಸ್‌ಗೆ ಹತ್ತುವ ಹಾದಿ ಬಿಟ್ಟು, ಎಡಕ್ಕೆ ತಿರುಗಿ ಪೆಗ್ಗೀಸ್ ಬ್ರಿಡ್ಜ್ ದಾಟಿ, ಗೇಟ್ಸ್‌ಗಾರ್ತ್ ಫಾರ್ಮಿನ ಮೂಲಕ ಟಾರು ರಸ್ತೆಗೆ ಬನ್ನಿ. ಇಲ್ಲಿ ಸ್ವಲ್ಪ ದೂರ ರಸ್ತೆ ಮೇಲೇ ನಡೆಯಬೇಕು, ಫುಟ್‌ಪಾತ್ ಇಲ್ಲ. ಎದುರಿಂದ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು. ನಮ್ಮವರಿಗೆ ಅಕ್ಕಪಕ್ಕ ಮಾತಾಡಿಕೊಂಡು ಹೋಗೋ ಅಭ್ಯಾಸ, ಇಲ್ಲಿ ಹತ್ತು ನಿಮಿಷ ಬಿಡಿ. ಆಮೇಲೆ ಎಡಕ್ಕೆ ಹಾದಿ ಮತ್ತೆ ದಡಕ್ಕೆ ಇಳಿಯುತ್ತದೆ.

ಈ ಕಡೆಯ ದಡವೇ ನಾನು ಹೇಳಿದ ಮಧ್ಯಮ. ಹಾದಿ ಕಿರಿದು, ಬೇರುಗಳು ಅಡ್ಡ, ಕೆಲವು ಕಡೆ ಬಂಡೆ ಮೇಲೆ ಕಾಲಿಟ್ಟು ದಾಟಬೇಕು. ಆತುರ ಬೇಡ. ಹ್ಯಾಸ್‌ನೆಸ್ ಅನ್ನೋ ಮನೆಯ ಕೆಳಗೆ ಹಾದಿ ಸೀದಾ ಬಂಡೆಯೊಳಗೆ ನುಗ್ಗುತ್ತದೆ. 19ನೇ ಶತಮಾನದಲ್ಲಿ ಆ ಎಸ್ಟೇಟಿನ ಯಜಮಾನನಾಗಿದ್ದ ಜಾರ್ಜ್ ಬೆನ್ಸನ್ ಅನ್ನೋ ಗಿರಣಿ ಮಾಲೀಕ, ಚಳಿಗಾಲದಲ್ಲಿ ಆಳುಗಳು ಸುಮ್ನೆ ಕೂರಬಾರದು ಅಂತ ಈ ಸುರಂಗ ಕೊರೆಸಿದ ಅನ್ನುತ್ತಾರೆ. ಚಿಕ್ಕದೇ, ಆದರೆ ಒಳಗೆ ಕತ್ತಲು, ನೆಲ ಒದ್ದೆ, ಎತ್ತರದವರು ತಲೆ ಬಗ್ಗಿಸಬೇಕು. ಮೊಬೈಲ್ ಟಾರ್ಚ್ ಹಾಕಿಕೊಳ್ಳಿ. ಮಕ್ಕಳಿದ್ದರೆ ಇಡೀ ದಿನ ಅವರಿಗೆ ನೆನಪಿರೋದು ಇದೊಂದೇ. ತಳ್ಳುಗಾಡಿ ಮಾತ್ರ ಈ ಕಡೆ ಬರೋದಿಲ್ಲ, ಪುಟ್ಟ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕು.

ಇಲ್ಲಿಂದ ಹಳ್ಳಿಗೆ ಇನ್ನು ಸ್ವಲ್ಪವೇ ದೂರ. ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ ದಡದ ಒಂದು ತುಂಡು ಹಾದಿಯನ್ನು ಮುಚ್ಚುತ್ತಾರೆ. ಸ್ಯಾಂಡ್‌ಪೈಪರ್ ಹಕ್ಕಿಗಳು ನೀರಂಚಿನ ಕಲ್ಲುಗಳ ನಡುವೆ ಮೊಟ್ಟೆ ಇಡುವ ಕಾಲ ಅದು. ಬೋರ್ಡ್ ಇರುತ್ತದೆ, ಅದು ತೋರಿಸಿದ ಕಡೆಯೇ ಹೋಗಿ.

ಬಿಸಿಲಿದ್ದ ದಿನ ನೀರಿಗೆ ಇಳಿಯುವ ಆಸೆ ಬರುತ್ತದೆ. ಕಾಲು ಅದ್ದಿ, ಅಷ್ಟು ಸಾಕು. ಬೇಸಿಗೆಯಲ್ಲೂ ನೀರು ಕೊರೆಯುತ್ತದೆ, ಆಳ 20 ಮೀಟರಿಗೂ ಜಾಸ್ತಿ. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಅಂತ ಕೇಳಬೇಕು, ಬರೀ ಆಂಬುಲೆನ್ಸ್ ಅಲ್ಲ. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಚಳಿಗಾಲದಲ್ಲಿ ಹೋಗುವುದಾದರೆ ಹತ್ತರೊಳಗೆ ಹೊರಟಿರಿ.

ಹಳ್ಳಿಗೆ ವಾಪಸ್ ಬಂದ ಮೇಲೆ ಸೈಕ್ ಫಾರ್ಮಿನಲ್ಲಿ ಐಸ್‌ಕ್ರೀಮ್ ತಿನ್ನಿ, ಅಲ್ಲೇ ಮಾಡಿದ್ದು. ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ಮೇಲಿನ ಚರ್ಚಿಗೆ ಹೋಗಿ, ಕಿಟಕಿಯ ಪಕ್ಕ ವೇನ್‌ರೈಟ್ ಹೆಸರಿನ ಕಲ್ಲಿದೆ, ಅಲ್ಲಿಂದ ಹೇಸ್ಟ್ಯಾಕ್ಸ್ ಕಾಣುತ್ತದೆ. ಹತ್ತಿರದಲ್ಲೇ ಸ್ಕೇಲ್ ಫೋರ್ಸ್ ಅನ್ನೋ ದೊಡ್ಡ ಜಲಪಾತ ಇದೆಯಂತೆ, ಅದನ್ನೂ ಮುಗಿಸಿಬಿಡೋಣ ಅಂತ ಯಾರಾದರೂ ಶುರು ಮಾಡುತ್ತಾರೆ. ಆ ದಾರಿ ಬರೀ ಕೆಸರು. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ, ಅಪ್ಪ ಅಮ್ಮನನ್ನು ಬಿಟ್ಟು.