ಹತ್ತು ತಲೆಮಾರು ದಾಟಿಸುವುದು ಹೇಗೆ?

ಸಿಮ್‌ಗಳೆಂಬ ಮನುಷ್ಯರ ಬದುಕನ್ನು ನಾವೇ ನಡೆಸುವ ಕಂಪ್ಯೂಟರ್ ಆಟ ದಿ ಸಿಮ್ಸ್ 4ರಲ್ಲಿ ಮನೆ ಕಟ್ಟಾಯಿತು, ಕೆಲಸ ಸಿಕ್ಕಿತು, ಆಮೇಲೇನು ಅಂತ ಕೈಬಿಟ್ಟವರಿಗೆ ಹೇಳಿಮಾಡಿಸಿದ್ದು ಲೆಗಸಿ ಚಾಲೆಂಜ್. ಸಿಮ್ಸ್ 2ರ ಕಾಲದಲ್ಲಿ ಆಟಗಾರರೇ ಹುಟ್ಟುಹಾಕಿದ ಪಂದ್ಯವಿದು. ಒಬ್ಬರಿಂದ ಶುರುವಾಗಿ ಒಂದೇ ಸೈಟಿನಲ್ಲಿ ವಂಶ ಹತ್ತು ತಲೆಮಾರು ನಡೆಯಬೇಕು. ಮೂಲ ಆಟ 2022ರ ಅಕ್ಟೋಬರ್‌ನಿಂದ ಉಚಿತ. ಕೆಳಗೆ ಹೇಳಿರುವುದಕ್ಕೆಲ್ಲ ಅಷ್ಟು ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಡತನದ ಮೊದಲ ತಲೆಮಾರಿಗೆ ಹೆದರಬೇಡಿ, ಅದೇ ಮಜಾ. ಆಟ ಕೈಕೊಡುವುದು ದುಡ್ಡು ತುಂಬಿ ತುಳುಕುವ ನಾಲ್ಕನೆಯದರ ಹೊತ್ತಿಗೆ.

ಶುರುವಿಗೆ ಮುನ್ನ

ಹೊಸ ಸೇವ್ ತೆರೆಯಿರಿ. ಆಯಸ್ಸನ್ನು ನಾರ್ಮಲ್‌ನಲ್ಲೇ ಇಡಿ. ಮೂಲಪುರುಷ ಅಥವಾ ಮೂಲಸ್ತ್ರೀ ಯಂಗ್ ಅಡಲ್ಟ್ (ಹರೆಯದ ಹಂತ) ಆಗಿರಬೇಕು, ಒಂಟಿಯಾಗಿರಬೇಕು. 64×64 ಚೌಕಗಳ ಖಾಲಿ ಸೈಟು ಕೊಳ್ಳಿ. ಆಟದ ನ್ಯೂಕ್ರೆಸ್ಟ್ ಎಂಬ ಊರಿನಲ್ಲಿ ಅಂಥದ್ದೊಂದು ಸಿಗುತ್ತದೆ. ಒಂಟಿ ಸಿಮ್‌ಗೆ ಆಟ ಕೊಡುವುದು 20,000 ಸಿಮೋಲಿಯನ್ (ಆಟದೊಳಗಿನ ದುಡ್ಡು). ಸೈಟು ಕೊಂಡ ಮೇಲೆ ಕೈಯಲ್ಲಿ 1,800 ಮಾತ್ರ ಉಳಿಯಬೇಕು ಅನ್ನುವುದು ನಿಯಮ. ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿ, ಇಂಗ್ಲಿಷಿನಲ್ಲಿ ಮನಿ ಎಂದು ಟೈಪಿಸಿ, ಜಾಗ ಬಿಟ್ಟು 1800 ಹಾಕಿ. ಚೀಟ್, ಅಂದರೆ ಆಟಕ್ಕೆ ಮೋಸ ಮಾಡುವ ಅಡ್ಡದಾರಿ, ಅಲ್ಲಿಗೆ ಮುಗಿಯಿತು. ಏನಾದರೂ ಕೆಟ್ಟದ್ದಾದರೆ ಸೇವ್ ಮಾಡದೆ ಹೊರಬರುವುದೂ ಚೀಟೇ.

ಆಸ್ತಿ ಯಾರಿಗೆ ಅನ್ನುವುದನ್ನೂ ಈಗಲೇ ಬರೆದಿಡಿ. ಹಿರಿಯ ಮಗುವಿಗೋ ಕಿರಿಯದಕ್ಕೋ? ಹೆಣ್ಣಿಗೋ ಗಂಡಿಗೋ, ಇಬ್ಬರಿಗೂ ಸಮವೋ? ಮಕ್ಕಳು ಹುಟ್ಟಿದ ಮೇಲೆ ತೀರ್ಮಾನಿಸಿದರೆ ಮುದ್ದಾಗಿರುವುದಕ್ಕೇ ಸಿಂಹಾಸನ ಸಿಗುತ್ತದೆ, ಅಲ್ವಾ?

ಮೊದಲ ವಾರ: ಮನೆ ಬೇಡ, ತೋಟ ಬೇಕು

1,800ರಲ್ಲಿ ಗೋಡೆ ಕಟ್ಟಲು ಹೋಗಬೇಡಿ. ಒಂದು ಹಾಸಿಗೆ, ಚಿತ್ರ ಬರೆದು ಮಾರಲು ಒಂದು ಈಸಲ್ (ಚಿತ್ರದ ಹಲಗೆ ನಿಲ್ಲಿಸುವ ಚೌಕಟ್ಟು) ಇದ್ದರೆ ಸದ್ಯಕ್ಕೆ ನಡೆಯುತ್ತದೆ. ಸ್ನಾನಕ್ಕೆ ಜಿಮ್ ಇದೆ, ಅಡುಗೆಗೆ ಪಾರ್ಕಿನ ಗ್ರಿಲ್ ಇದೆ. ಊರೆಲ್ಲ ಸುತ್ತಿ ಕಾಡುಗಿಡಗಳ ಹಣ್ಣು, ಹೂ ಕಿತ್ತು ತಂದು ನಿಮ್ಮ ಸೈಟಿನಲ್ಲಿ ನೆಡಿ. ಕಪ್ಪೆ, ಹರಳು, ಮೀನು ಸಿಕ್ಕರೆ ಮಾರಿಬಿಡಿ.

ನೌಕರಿಗಿಂತ ತೋಟವೇ ಮೇಲು ಅಂತ ನನ್ನ ಲೆಕ್ಕ. ನೀವು ಚಿತ್ರ ಬರೆಯುವಾಗಲೂ ಗಿಡ ಬೆಳೆಯುತ್ತಲೇ ಇರುತ್ತದೆ. ಗಿಡ ಇವಾಲ್ವ್ ಮಾಡಿದಷ್ಟೂ, ಅಂದರೆ ಅದರ ಗುಣಮಟ್ಟ ಏರಿಸಿದಷ್ಟೂ, ಫಸಲಿನ ಬೆಲೆ ಏರುತ್ತದೆ. ತೋಟಗಾರಿಕೆಯ ಕೌಶಲ ಸ್ವಲ್ಪ ಏರಿದ ಮೇಲೆ ಕಸಿ ಕಟ್ಟಬಹುದು. ಸ್ಟ್ರಾಬೆರಿಗೆ ಸ್ನ್ಯಾಪ್‌ಡ್ರ್ಯಾಗನ್ ಹೂಗಿಡ ಸೇರಿಸಿದರೆ ಡ್ರ್ಯಾಗನ್ ಫ್ರೂಟ್ ಬರುತ್ತದೆ. ಅದು ಬಂತು ಅಂದರೆ ಬಡತನ ಹೋಯಿತು.

ಇನ್ನೊಂದು ಕಸಿಯನ್ನೂ ಮರೆಯಬೇಡಿ. ಸೇಬು ಮತ್ತು ಚೆರಿಯಿಂದ ದಾಳಿಂಬೆ. ಲಿಲಿ ಮತ್ತು ಸ್ನ್ಯಾಪ್‌ಡ್ರ್ಯಾಗನ್‌ನಿಂದ ಆರ್ಕಿಡ್. ದಾಳಿಂಬೆ ಮತ್ತು ಆರ್ಕಿಡ್ ಸೇರಿದರೆ ಡೆತ್ ಫ್ಲವರ್. ಯಮನಂತೆ ಬರುವ ಗ್ರಿಮ್ ರೀಪರ್‌ಗೆ ಮನೆಯ ಇನ್ನೊಬ್ಬರು ಇದನ್ನು ಕೊಟ್ಟು ಸಾಯುತ್ತಿರುವವರನ್ನು ಉಳಿಸಿಕೊಳ್ಳಬಹುದು. ಹಾಗಾಗಿ ದೊಡ್ಡವರೆಲ್ಲರ ಬಳಿಯೂ ಒಂದೊಂದು ಇರಲಿ.

ಬಿಲ್ಲು ವಾರಕ್ಕೊಮ್ಮೆ ಬರುತ್ತದೆ. ಮನೆ, ಸಾಮಾನು ದುಬಾರಿಯಾದಷ್ಟೂ ಬಿಲ್ಲೂ ಬೆಳೆಯುತ್ತದೆ. ಕಟ್ಟದಿದ್ದರೆ ಕರೆಂಟ್, ನೀರು ಎರಡೂ ಕಟ್. ಒಲೆ ತಂದ ದಿನವೇ ಸ್ಮೋಕ್ ಅಲಾರ್ಮ್ ಕೂಡ ಹಾಕಿಸಿ.

ಮಕ್ಕಳ ಲೆಕ್ಕಾಚಾರ

ಇಡೀ ಆಟ ನಿಂತಿರುವುದು ಇದರ ಮೇಲೆ. ಮೊದಲ ಮಗು ಯಂಗ್ ಅಡಲ್ಟ್ ವಯಸ್ಸಿನಲ್ಲೇ ಆಗಲಿ. ತಡವಾದರೆ ವಾರಸುದಾರರು ಬೆಳೆಯುವ ಮೊದಲೇ ಹೆತ್ತವರು ಕಣ್ಮುಚ್ಚಬಹುದು. ಒಂದು ಮನೆಯಲ್ಲಿ ಎಂಟೇ ಜನ ಇರಬಹುದು. ಅವಳಿ ಹುಟ್ಟುವುದೂ ಉಂಟು, ಅದಕ್ಕೆ ಜಾಗ ಬಿಟ್ಟುಕೊಂಡಿರಿ. ಎರಡು ಮಕ್ಕಳು ಸಾಕು, ಮೂರು ಜಾಸ್ತಿ. ಅದಕ್ಕೂ ಮೇಲೆ ಹೋದರೆ ಡಯಾಪರ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಟಾಡ್ಲರ್ (ಪುಟ್ಟ ಮಗು) ಹಂತದಲ್ಲಿ ಸುಮ್ನೆ ದಿನ ಕಳೆಯಬೇಡಿ. ಮಾತು, ನಡಿಗೆ, ಯೋಚನೆ, ಕಲ್ಪನೆ, ಪಾಟಿ (ಶೌಚದ ಅಭ್ಯಾಸ), ಈ ಐದೂ ಪೂರ್ತಿಯಾದರೆ ಟಾಪ್ ನಾಚ್ ಟಾಡ್ಲರ್ ಅನ್ನುವ ಗುಣ ಸಿಗುತ್ತದೆ. ಮುಂದೆ ಬದುಕಿಡೀ ಕಲಿಕೆ ಚುರುಕಾಗಿರುತ್ತದೆ. ಇದಕ್ಕೆ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ದೊಡ್ಡ ಆಸರೆ. ಆದರೆ ಅವರನ್ನು ಟ್ರೆಡ್‌ಮಿಲ್ ಹತ್ತಿಸಬೇಡಿ. ಮಿತಿಮೀರಿ ದಣಿದರೆ ಎಲ್ಡರ್ (ಮುದಿ ಹಂತದ ಸಿಮ್) ಸತ್ತೇ ಹೋಗಬಹುದು. ಈ ಆಟದಲ್ಲಿ ಕೋಪ, ಅವಮಾನ, ಕೊನೆಗೆ ಅತಿ ನಗುವಿಗೂ ಪ್ರಾಣ ಹೋಗುತ್ತದೆ!

ವಾರಸುದಾರರು ಶಾಲೆಯಲ್ಲಿ ಎ ಗ್ರೇಡ್ ತೆಗೆದರೆ ಕೇಕ್ ಮೇಲೆ ಕ್ಯಾಂಡಲ್ ಊದಿಸಿ ಬೇಗ ದೊಡ್ಡವರನ್ನಾಗಿ ಮಾಡಬಹುದು. ಹೆತ್ತವರಿಗೆ ವಯಸ್ಸಾಗುತ್ತಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ನಾಲ್ಕನೆಯ ತಲೆಮಾರಿನ ಬೇಜಾರು

ಈಗ ಬಂಗಲೆ ಇದೆ, ತೋಟವಿದೆ, ಲಕ್ಷಗಟ್ಟಲೆ ದುಡ್ಡಿದೆ. ಮಾಡಲು ಕೆಲಸವಿಲ್ಲ. ಇಲ್ಲಿ ನೀವೇ ಕಷ್ಟ ತಂದುಕೊಳ್ಳಬೇಕು. ಪ್ರತಿ ವಾರಸುದಾರರಿಗೂ ಬೇರೆ ನೌಕರಿ, ಬೇರೆ ಆಸ್ಪಿರೇಷನ್ (ಬದುಕಿನ ಗುರಿ) ಕೊಡಿ. ಅಪ್ಪ ಚಿತ್ರಕಾರನಾಗಿದ್ದರೆ ಮಗಳಿಗೆ ಈಸಲ್ ಮುಟ್ಟುವ ಹಾಗಿಲ್ಲ. ತೋಟದ ಫಸಲು ಅಡುಗೆಗೆ ಮಾತ್ರ, ಮಾರುವ ಹಾಗಿಲ್ಲ. ಹಳೆಯ ಮನೆ ಕೆಡವಿ ಹೊಸದು ಕಟ್ಟಿ, ಅಷ್ಟಾದರೂ ದುಡ್ಡು ಕರಗಲಿ.

ಜೊತೆಗೆ, ನಾವು ಆಡದ ಮನೆಗಳವರಿಗೂ ವಯಸ್ಸಾಗುವ ಆಯ್ಕೆಯನ್ನು ಆನ್ ಮಾಡಿಡಿ. ಬೇರೆ ಹೋದ ಅತ್ತೆ, ಚಿಕ್ಕಪ್ಪ ಮುದುಕರಾಗುವುದು ಆಗಲೇ ಕಾಣುವುದು. ಆಫ್ ಇದ್ದರೆ ಮುತ್ತಜ್ಜಿಯ ಗೆಳತಿ ಇನ್ನೂ ಯಂಗ್ ಅಡಲ್ಟ್ ಆಗಿಯೇ ಮೊಮ್ಮಗನಿಗೆ ಹೆಣ್ಣಾಗಿ ಬಂದಾಳು.

ತಲೆಮಾರು ಬದಲಾದಾಗೆಲ್ಲ ಸೇವ್ ಆಸ್ ಒತ್ತಿ ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಏಳನೆಯವರ ಹೊತ್ತಿಗೆ ಫೈಲ್ ಕೆಟ್ಟರೆ ಆರನೆಯವರಿಂದ ಮುಂದುವರಿಸಬಹುದು.